ಶಾಲಾ ಮಕ್ಕಳ ಎದೆಬಡಿತದ ತಪಾಸಣೆ: ಕಾಮರ್ಸ್ ವಿದ್ಯಾರ್ಥಿನಿಯ ಒಂದು ಲೆಕ್ಕ

ಇದು ಸೈನ್ಸ್ ವಿಭಾಗದವರು ಬರೆಯಬೇಕಾದ ವಿಷಯ. ಸಂಪಾದಕ ಮಂಡಳಿಯ ಸರ್ ಕೂಡ ನನಗೆ ಅದನ್ನೇ ಹೇಳಿದರು. ಆದರೆ ಇದರಲ್ಲಿ ಅರ್ಧ ಲೆಕ್ಕ ಇದೆ, ಉಳಿದರ್ಧ ನಮ್ಮ ಮನೆಯ ವಿಷಯ. ಹಾಗಾಗಿ ಎರಡನ್ನೂ ನಾನೇ ಬರೆಯುತ್ತೇನೆ ಎಂದು ಒಪ್ಪಿಸಿದೆ. ಕನ್ನಡದ ತಪ್ಪುಗಳನ್ನು ನಮ್ಮ ಕನ್ನಡ ಮೇಡಂ ತಿದ್ದಿದ್ದಾರೆ. ಲೆಕ್ಕದಲ್ಲಿ ತಪ್ಪಿದ್ದರೆ ಅದು ನನ್ನದು.

ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಓಣಿಯ ಹತ್ತಿರ ಒಂದು ಹೃದಯ ತಪಾಸಣಾ ಶಿಬಿರ ನಡೆಯಿತು. ಹದಿನೈದು ವರ್ಷದ ಮಕ್ಕಳಿಗೆ ಇಸಿಜಿ ಉಚಿತ ಎಂದು ಬೋರ್ಡ್ ಹಾಕಿದ್ದರು. ಉಚಿತ ಎಂದರೆ ಬೆಳಗಾವಿಯಲ್ಲಿ ಯಾರು ಬಿಡುತ್ತಾರೆ? ಅಬ್ಬಾ ಖಡೇ ಬಜಾರ್‌ನ ಅಂಗಡಿಗೆ ಹೋಗುವ ದಾರಿಯಲ್ಲಿ ನನ್ನನ್ನೂ ಅಮ್ಮಿಯನ್ನೂ ಅಲ್ಲಿ ಇಳಿಸಿ ಹೋದರು. ಪರದೆ ಕಟ್ಟಿದ್ದರು, ಆದರೆ ಮೆಷಿನ್ ಹಿಡಿದಿದ್ದವನು ಹುಡುಗ. ಅವನಿಗೂ ನಾಚಿಕೆ, ನನಗೂ ನಾಚಿಕೆ, ಅಮ್ಮಿಯ ಮುಖವಂತೂ ಕೆಂಪಾಗಿತ್ತು. ಎದೆಯ ಮೇಲೆ ಅಂಟಿಸಬೇಕಾದ ಬಟ್ಟಲುಗಳನ್ನು ಎಲ್ಲಿ ಕೈ ಹೋಯಿತೋ ಅಲ್ಲಿ, ಕೊರಳಿಗೆ ಹತ್ತಿರವಾಗಿ ಅಂಟಿಸಿ, ಒಂದು ನಿಮಿಷದಲ್ಲಿ ಕೆಲಸ ಮುಗಿಸಿದ. ಮೆಷಿನ್ ಕಾಗದ ಉಗುಳಿತು. ಅದರ ತಲೆಯ ಮೇಲೆ ಇಂಗ್ಲಿಷಿನಲ್ಲಿ ‘ಅಬ್ನಾರ್ಮಲ್ ಇಸಿಜಿ’ ಎಂದಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಅನ್‌ಕನ್ಫರ್ಮ್ಡ್’ ಎಂದೂ ಇತ್ತು. ಆ ಎರಡನೇ ಪದವನ್ನು ಆ ದಿನ ಯಾರೂ ಓದಲಿಲ್ಲ.

ಮುಂದಿನ ಹನ್ನೆರಡು ದಿನ ಮನೆಯಲ್ಲಿ ನನ್ನನ್ನು ಗಾಜಿನ ಲೋಟದ ಹಾಗೆ ನೋಡಿಕೊಂಡರು. ಮೆಟ್ಟಿಲು ಹತ್ತಬೇಡ, ಬಕೆಟ್ ಎತ್ತಬೇಡ. ನಾನಿ ಖಾನಾಪುರದಿಂದ ನೀರು ದಮ್ ಮಾಡಿಸಿ ಬಾಟಲಿಯಲ್ಲಿ ಕಳಿಸಿದರು. ಅಮ್ಮಿ ಮಾತ್ರ ಯಾರಿಗೂ ಹೇಳಬೇಡ ಎಂದು ಕೈ ಹಿಡಿದು ಹೇಳಿದರು. ಹುಡುಗಿಗೆ ಹಾರ್ಟ್ ಪ್ರಾಬ್ಲಂ ಇದೆಯಂತೆ ಎಂಬ ಮಾತು ಒಮ್ಮೆ ದರ್ಬಾರ್ ಗಲ್ಲಿ ದಾಟಿದರೆ ಮತ್ತೆ ವಾಪಸ್ ಬರುವುದಿಲ್ಲ ಎಂದು ಅವರಿಗೆ ಗೊತ್ತು. ರಾತ್ರಿ ದಿಂಬಿಗೆ ಕಿವಿ ಒತ್ತಿ ನನ್ನ ಎದೆಬಡಿತವನ್ನೇ ಕೇಳುತ್ತಿದ್ದೆ. ಉಸಿರು ಒಳಗೆ ಎಳೆದಾಗ ಬೇಗ ಬೇಗ, ಬಿಟ್ಟಾಗ ನಿಧಾನ. ಇದೇ ರೋಗ ಎಂದುಕೊಂಡೆ.

ಆಮೇಲೆ ತಿಳಿಯಿತು, ಅದು ರೋಗವೇ ಅಲ್ಲ. ಎಳೆಯರಲ್ಲಿ ಉಸಿರಿನ ಜೊತೆ ಬಡಿತ ಹೆಚ್ಚುಕಡಿಮೆ ಆಗುವುದು ಸಹಜ, ಆರೋಗ್ಯದ ಲಕ್ಷಣವೇ. ಕಾಗದದಲ್ಲಿ ಮೆಷಿನ್‌ಗೆ ಕಂಡ ಇನ್ನೊಂದು ದೋಷ, ಎದೆಯ ಮುಂಭಾಗದ ಮೊದಲ ತಂತಿಗಳಲ್ಲಿ ಒಂದು ಅಲೆ ತಲೆಕೆಳಗಾಗಿದ್ದದ್ದು. ಅದೂ ಮಕ್ಕಳಲ್ಲಿ ಸಾಮಾನ್ಯ. ಹದಿಹರೆಯದ ಹುಡುಗಿಯರಲ್ಲಿ ಕೆಲವರಿಗೆ ಹಾಗೆಯೇ ಉಳಿದಿರುತ್ತದೆ. ಬಟ್ಟಲುಗಳನ್ನು ಮೇಲೆ ಅಂಟಿಸಿದರೆ ಇನ್ನೂ ಹೆಚ್ಚು ಕಾಣುತ್ತದೆ. ಮೆಷಿನ್ ದೊಡ್ಡವರ ಅಳತೆಗೋಲು ಹಿಡಿದು ನನ್ನನ್ನು ಅಳೆದಿತ್ತು.

ಇಲ್ಲಿ ಸ್ವಲ್ಪ ಪಾಠ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ.

ಹೃದಯದಲ್ಲಿ ಪಂಪು, ಪೈಪು, ಕರೆಂಟು ಮೂರೂ ಇವೆ. ನಾವು ದಿನಾ ಕೇಳುವ ‘ಹಾರ್ಟ್ ಅಟ್ಯಾಕ್’ ಹೆಚ್ಚಾಗಿ ಪೈಪಿನ ತೊಂದರೆ. ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಅದು ಬಹುತೇಕ ದೊಡ್ಡವರ ಕಾಯಿಲೆ. ಮಕ್ಕಳಲ್ಲಿ ಏಕಾಏಕಿ ಹೃದಯ ನಿಲ್ಲುವುದು ಅಪರೂಪ. ನಿಂತಾಗ ಕಾರಣ ಹೆಚ್ಚಾಗಿ ಹುಟ್ಟಿನಿಂದ ಬಂದ ಪಂಪಿನ ದೋಷ ಅಥವಾ ಕರೆಂಟಿನ ದೋಷ. ಹೃದಯದ ಬಲ ಮೇಲ್ಕೋಣೆಯ ಮೂಲೆಯಲ್ಲಿ ಕಿಡಿ ಹುಟ್ಟುತ್ತದೆ, ಮೇಲಿಂದ ಕೆಳಗೆ ಹರಿಯುತ್ತದೆ, ಸ್ನಾಯು ಹಿಂಡುತ್ತದೆ, ಆಮೇಲೆ ಎಲ್ಲ ಮತ್ತೆ ಮೊದಲ ಸ್ಥಿತಿಗೆ ಬರುತ್ತದೆ. ಈ ಓಡಾಟವನ್ನು ಚರ್ಮದ ಮೇಲಿಂದಲೇ ಹಿಡಿದು ಗೆರೆ ಹಾಕುವುದು ಇಸಿಜಿ. ಇದನ್ನು ಬಳಕೆಗೆ ತಂದ ಡಚ್ ವಿಜ್ಞಾನಿ ವಿಲ್ಲೆಮ್ ಐಂತೊವೆನ್ ಅವರಿಗೆ 1924ರಲ್ಲಿ ನೊಬೆಲ್ ಬಂತು. ಮೈಗೆ ಅಂಟಿಸುವುದು ಹತ್ತು, ಸಿಗುವ ನೋಟ ಹನ್ನೆರಡು. ಇದು ಹೇಗೆ ಎಂದು ನನಗೂ ಮೊದಲು ಅರ್ಥವಾಗಲಿಲ್ಲ. ಒಂದೇ ಗಣಪತ್ ಗಲ್ಲಿಯನ್ನು ಹನ್ನೆರಡು ಕಿಟಕಿಗಳಿಂದ ನೋಡಿದ ಹಾಗೆ ಎಂದುಕೊಂಡರೆ ಸಾಕು.

ಆ ಕಾಗದ ನಮ್ಮ ಗ್ರಾಫ್ ಕಾಗದವೇ. ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಅಂದರೆ ಒಂದು ಸಣ್ಣ ಚೌಕ 0.04 ಸೆಕೆಂಡು, ಐದು ಸಣ್ಣ ಚೌಕದ ಒಂದು ದೊಡ್ಡ ಚೌಕ 0.2 ಸೆಕೆಂಡು. ಎರಡು ಬಡಿತಗಳ ನಡುವೆ ಎಷ್ಟು ದೊಡ್ಡ ಚೌಕ ಇವೆ ಎಂದು ಎಣಿಸಿ, 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ ಬಂತು. ನಾಲ್ಕು ಚೌಕ ಇದ್ದರೆ 75. ಇದಕ್ಕೆ ಡಾಕ್ಟರೇ ಆಗಬೇಕಿಲ್ಲ.

ಈಗ ಆ ಹನ್ನೆರಡನೇ ದಿನಕ್ಕೆ ಬರುತ್ತೇನೆ. ಶಿಬಿರದವರು ಬರೆದುಕೊಟ್ಟ ಚೀಟಿ ಹಿಡಿದು ನಾನು, ಅಮ್ಮಿ, ಅಬ್ಬಾ ಒಂದು ಆಸ್ಪತ್ರೆಗೆ ಹೋದೆವು. ಮಕ್ಕಳ ಹೃದಯದ ಡಾಕ್ಟರ್ ಅಲ್ಲಿ ಹೆಂಗಸು. ಮೊದಲು ಸಿಸ್ಟರ್ ಕೈಯಲ್ಲಿ ಇನ್ನೊಂದು ಇಸಿಜಿ ಮಾಡಿಸಿದರು, ಈ ಸಲ ಬಟ್ಟಲುಗಳನ್ನು ಪಕ್ಕೆಲುಬು ಎಣಿಸಿ ಅಂಟಿಸಿದರು. ಆಮೇಲೆ ಎಕೋ ಮಾಡಿದರು. ಎಲ್ಲ ಸರಿ ಇದೆ ಎಂದರು. ಅಮ್ಮಿ ಕಣ್ಣು ಒರೆಸಿಕೊಂಡರು. ಏಳಬೇಕು ಎನ್ನುವಾಗ ಡಾಕ್ಟರ್ ಫೈಲ್ ಮುಚ್ಚದೆ ಒಂದು ಪ್ರಶ್ನೆ ಕೇಳಿದರು: “ತಾಯಿ, ನಿಮ್ಮ ಮನಿತನದಾಗ ಯಾರರ ಸಣ್ಣ ವಯಸ್ಸಿನ್ಯಾಗ ಒಮ್ಮಿಂದೊಮ್ಮೆಲೆ ತೀರ್ಕೊಂಡಾರೇನ್ರಿ? ಹುಟ್ಟಾ ಕಿವಿ ಕೇಳದವರು, ಓಡಿದ್ರ ಇಲ್ಲಾ ಅಂಜಿದ್ರ ಎಚ್ಚರ ತಪ್ಪಿ ಬೀಳೋರು ಅದಾರೇನ್ರಿ?”

ಅಮ್ಮಿ ಒಂದು ಕ್ಷಣ ತಡೆದು ಹೇಳಿದರು, “ಇಲ್ರಿ, ಹಂಗ ಯಾರೂ ಇಲ್ಲ.”

ನಾನು “ಇದಾರೆ ಮೇಡಂ” ಎಂದೆ.

ಖಾನಾಪುರದಲ್ಲಿ ನನ್ನ ಖಾಲಾ ಇದ್ದಾರೆ, ಅಮ್ಮಿಯ ತಂಗಿ. ಅವರ ಮಗಳನ್ನು ಎಲ್ಲರೂ ಗುಡಿಯಾ ಎನ್ನುತ್ತೇವೆ. ಆಗ ಅವಳಿಗೆ ಹನ್ನೊಂದು. ಹುಟ್ಟಿದಾಗಿನಿಂದ ಎರಡೂ ಕಿವಿ ಕೇಳುವುದಿಲ್ಲ. ಒಂದು ವರ್ಷ ಶಾಲೆಗೆ ಹೋದಳು, ಆಮೇಲೆ ಬಿಡಿಸಿದರು. ಆಟವಾಡುತ್ತ ಓಡಿದಾಗ, ಯಾರಾದರೂ ಹಿಂದಿನಿಂದ ಬಂದು ಮುಟ್ಟಿದಾಗ ನಾಲ್ಕೈದು ಸಲ ಬಿದ್ದಿದ್ದಳು. ಕಣ್ಣು ಮೇಲೆ ಹೋಗಿ, ಕೈಕಾಲು ಸೆಟೆದು, ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತಿದ್ದಳು. ಅದಕ್ಕೆ ಮನೆಯಲ್ಲಿ ‘ಮಿರ್ಗಿ’ ಎಂದು ಹೆಸರಿಟ್ಟಿದ್ದರು. ಫಿಟ್ಸ್ ಗುಳಿಗೆಯೂ ನಡೆದಿತ್ತು, ತಾವೀಜೂ ಇತ್ತು. ಅವಳ ಅಣ್ಣ, ಅವನೂ ಕಿವುಡ, ಆರು ವರ್ಷದವನಿದ್ದಾಗ ನಾಯಿ ಅಟ್ಟಿಸಿಕೊಂಡು ಬಂದಾಗ ಓಡಿ ಬಿದ್ದವನು ಏಳಲಿಲ್ಲ. ನಜರ್ ತಾಗಿತು ಎಂದರು. ನಾನು ಆಗ ಚಿಕ್ಕವಳು, ಅಂಗಳದಲ್ಲಿ ಹಾಕಿದ್ದ ಚಾಪೆಗಳು ಮಾತ್ರ ನೆನಪಿವೆ.

ಹೊರಗೆ ಬಂದ ಮೇಲೆ ಅಮ್ಮಿ ಮಾತಾಡಲಿಲ್ಲ. ಆಟೋದಲ್ಲಿ ಒಂದೇ ಮಾತು ಹೇಳಿದರು, “ಘರ್ ಕೀ ಬಾತ್ ಘರ್ ಮೇಚ್ ರಹನಾ ಬೋಲೇ ತೋ ನೈ ಸುನ್ತೀ.” ಅಬ್ಬಾ ಮುಂದಿನ ಸೀಟಿನಿಂದ, “ಅಚ್ಛಾ ಕರೀ,” ಎಂದರು. ಅವರಿಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು.

ವೈದ್ಯರು ಆ ಪ್ರಶ್ನೆ ಕೇಳಲು ಕಾರಣ ಇದೆ. 1856ರಲ್ಲಿ ಜರ್ಮನಿಯ ಲೀಪ್‌ಜಿಗ್‌ನಲ್ಲಿ ಮೈಸ್ನರ್ ಎಂಬ ವೈದ್ಯರು ಒಬ್ಬ ಕಿವುಡ ಹುಡುಗಿಯ ಬಗ್ಗೆ ಬರೆದಿದ್ದಾರೆ. ಶಾಲೆಯಲ್ಲಿ ಯಾವುದೋ ಸಣ್ಣ ತಪ್ಪಿಗೆ ಎಲ್ಲರ ಮುಂದೆ ಬೈಸಿಕೊಂಡಾಗ ಅವಳು ಅಲ್ಲಿಯೇ ಕುಸಿದು ತೀರಿಕೊಂಡಳು. ತಂದೆತಾಯಿಗೆ ಅದು ಆಶ್ಚರ್ಯ ಅನ್ನಿಸಲಿಲ್ಲವಂತೆ. ಅವರ ಇನ್ನಿಬ್ಬರು ಮಕ್ಕಳು ಹೀಗೆಯೇ ಗಾಬರಿಯಲ್ಲಿ ಹೋಗಿದ್ದರು. ಆಗ ಇಸಿಜಿ ಇರಲಿಲ್ಲ, ಕಾರಣ ತಿಳಿಯಲಿಲ್ಲ. ನೂರೊಂದು ವರ್ಷದ ನಂತರ, 1957ರಲ್ಲಿ, ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ಇಬ್ಬರು ವೈದ್ಯರು ಒಂದು ಕುಟುಂಬದ ಆರು ಮಕ್ಕಳಲ್ಲಿ ನಾಲ್ವರಿಗೆ ಹುಟ್ಟು ಕಿವುಡು ಮತ್ತು ಎಚ್ಚರ ತಪ್ಪುವಿಕೆ ಎರಡೂ ಇರುವುದನ್ನು ಕಂಡರು. ನಾಲ್ವರಲ್ಲಿ ಮೂವರು ನಾಲ್ಕು, ಐದು, ಒಂಬತ್ತು ವರ್ಷಗಳಲ್ಲಿ ತೀರಿಹೋದರು. ಆ ಮಕ್ಕಳ ಇಸಿಜಿಯಲ್ಲಿ ಒಂದು ಅಂತರ ಮಾತ್ರ ಉದ್ದವಾಗಿತ್ತು, ಕ್ಯೂಟಿ ಅಂತರ. ಅದು ಹೃದಯ ಹಿಂಡಿದ ಮೇಲೆ ಮುಂದಿನ ಬಡಿತಕ್ಕೆ ಮತ್ತೆ ಸಿದ್ಧವಾಗಲು ತೆಗೆದುಕೊಳ್ಳುವ ಹೊತ್ತನ್ನೂ ಒಳಗೊಂಡಿರುತ್ತದೆ. ಆ ಹೊತ್ತು ಉದ್ದವಾದರೆ, ಸಿದ್ಧವಾಗುವ ಮೊದಲೇ ಇನ್ನೊಂದು ಕಿಡಿ ಬಿದ್ದು ಬಡಿತವೆಲ್ಲ ಕಲಸಿಹೋಗಬಹುದು. ಕಿವಿಗೂ ಹೃದಯಕ್ಕೂ ಏನು ಸಂಬಂಧ? ಪೊಟ್ಯಾಸಿಯಂ ಹೊರಗೆ ಬಿಡುವ ಒಂದೇ ಬಗೆಯ ಬಾಗಿಲು ಒಳಕಿವಿಯಲ್ಲೂ ಹೃದಯದಲ್ಲೂ ಇದೆ. ಆ ಬಾಗಿಲು ಕೆಟ್ಟರೆ ಎರಡೂ ಕಡೆ ಕೆಡುತ್ತದೆ.

ಗುಡಿಯಾಳನ್ನು ಕರೆತರಲು ಒಂದು ತಿಂಗಳು ಹಿಡಿಯಿತು. ಖಾನಾಪುರದಿಂದ ಬೆಳಗಾವಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಆಗದು, ಆದರೆ ನಾನಿಯನ್ನು ಒಪ್ಪಿಸುವ ದಾರಿ ಉದ್ದ. ಕೊನೆಗೆ ಖಾಲು ಅವರೇ ಕರೆತಂದರು. ಅವಳ ಕಾಗದದ ಒಂದು ಪ್ರತಿ ನನ್ನ ಹತ್ತಿರ ಇದೆ. ಎರಡು ಬಡಿತಗಳ ನಡುವೆ ನಾಲ್ಕು ದೊಡ್ಡ ಚೌಕ, ಅಂದರೆ 0.8 ಸೆಕೆಂಡು. ಕ್ಯೂಟಿ 12 ಸಣ್ಣ ಚೌಕ, 0.48 ಸೆಕೆಂಡು. ಬಡಿತದ ವೇಗಕ್ಕೆ ತಕ್ಕಂತೆ ಇದನ್ನು ಸರಿಪಡಿಸುವ ಸೂತ್ರವನ್ನು 1920ರಲ್ಲಿ ಬ್ಯಾಜೆಟ್ ಕೊಟ್ಟರು: ಕ್ಯೂಟಿಯನ್ನು ಬಡಿತದ ಅಂತರದ ವರ್ಗಮೂಲದಿಂದ ಭಾಗಿಸಬೇಕು. 0.8ರ ವರ್ಗಮೂಲ 0.894. ಭಾಗಿಸಿದರೆ 0.537. ನನ್ನ ಕಾಗದದಲ್ಲೂ ಅದೇ ನಾಲ್ಕು ಚೌಕ, ಆದರೆ ಕ್ಯೂಟಿ 9 ಸಣ್ಣ ಚೌಕ, ಅಂದರೆ 0.36. ಉತ್ತರ 0.403. ಹುಡುಗಿಯರಲ್ಲಿ 0.46 ದಾಟಿದರೆ ಡಾಕ್ಟರ್‌ಗಳು ಹುಬ್ಬು ಏರಿಸುತ್ತಾರೆ. 0.5 ದಾಟಿದರೆ ಎದ್ದು ನಿಲ್ಲುತ್ತಾರೆ. ಮೂರು ಸಣ್ಣ ಚೌಕಗಳ ವ್ಯತ್ಯಾಸ. ಅಬ್ಬಾ ಅಂಗಡಿಯಲ್ಲಿ ಬಟ್ಟೆ ಅಳೆಯುವಾಗ ಅಷ್ಟನ್ನು ಗಿರಾಕಿಗೆ ಸುಮ್ಮನೆ ಬಿಟ್ಟುಕೊಡುತ್ತಾರೆ.

ಈಗ ದೊಡ್ಡ ಪ್ರಶ್ನೆ. ಹಾಗಿದ್ದರೆ ಎಲ್ಲ ಮಕ್ಕಳಿಗೂ ಇಸಿಜಿ ಮಾಡಿಸಿಬಿಡಬಹುದಲ್ಲ?

ಈ ಮಾತು ನಮ್ಮ ರಾಜ್ಯದಲ್ಲಿ ಈಗ ಸುಮ್ಮನೆ ಮಾತಾಗಿ ಉಳಿದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಎಲ್ಲರೂ ಎದೆ ಮುಟ್ಟಿ ನೋಡಿಕೊಳ್ಳತೊಡಗಿದರು. ಅವರ ಹೆಸರಿನಲ್ಲಿ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುವ ವ್ಯವಸ್ಥೆ ಅದು, ಮುಖ್ಯವಾಗಿ ಹಾರ್ಟ್ ಅಟ್ಯಾಕ್‌ಗೆ. 2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಸಾವಿನ ಸುದ್ದಿ ಬಂದು ಜನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಆ ಸಂಸ್ಥೆಯ ಆಗಿನ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಕೊಟ್ಟ ವರದಿಯಲ್ಲಿ, ಕೋವಿಡ್ ಲಸಿಕೆಯೇ ಕಾರಣ ಎಂಬ ವದಂತಿಗೆ ಆಧಾರ ಸಿಗಲಿಲ್ಲ. ಅದೇ ವರದಿ ಶಾಲೆಗಳಲ್ಲಿ 15ನೇ ವಯಸ್ಸಿಗೆ ಹೃದಯ ತಪಾಸಣೆ ಮಾಡಬೇಕು ಎಂದೂ ಸಲಹೆ ಕೊಟ್ಟಿತು. ಹದಿನೈದು, ನಾನು ಆ ಶಿಬಿರಕ್ಕೆ ಹೋದ ವಯಸ್ಸು.

ಹೊರದೇಶಗಳಲ್ಲಿ ಇದು ಹಳೆಯ ಚರ್ಚೆ. ಜಪಾನಿನಲ್ಲಿ ಶಾಲೆಯಲ್ಲಿ ಹೃದಯ ತಪಾಸಣೆ 1973ರಿಂದ ಇದೆ. 1995ರಿಂದ ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಎಂಬ ಪ್ರತಿ ಹಂತದ ಮೊದಲ ವರ್ಷದಲ್ಲಿ ಇಸಿಜಿ ಕಡ್ಡಾಯ. ಇಟಲಿ 1982ರಿಂದ ಆಟಗಾರರಿಗೆ ಕಡ್ಡಾಯ ಮಾಡಿತು. ವೆನೆಟೊ ಪ್ರಾಂತ್ಯದ ಅಧ್ಯಯನದಲ್ಲಿ ಎಳೆಯ ಆಟಗಾರರ ಏಕಾಏಕಿ ಸಾವು ವರ್ಷಕ್ಕೆ ಲಕ್ಷಕ್ಕೆ 3.6 ಇದ್ದದ್ದು 0.4ಕ್ಕೆ ಇಳಿಯಿತು. ಇದನ್ನು ಓದಿ ನಾನೂ ಚಪ್ಪಾಳೆ ಹೊಡೆದೆ. ಆದರೆ ಇಸ್ರೇಲ್ 1997ರಲ್ಲಿ ಅದೇ ರೀತಿ ಕಾನೂನು ಮಾಡಿದಾಗ, ಮೊದಲಿನ ಹನ್ನೆರಡು ವರ್ಷಕ್ಕೂ ನಂತರದ ಹನ್ನೆರಡು ವರ್ಷಕ್ಕೂ ಹೆಚ್ಚು ಕಡಿಮೆ ಅಷ್ಟೇ ಸಾವು ಕಂಡವು. ಒಂದೇ ಪರೀಕ್ಷೆಗೆ ಎರಡು ಉತ್ತರ. ಹಾಗಾಗಿ ನಾನೇ ಲೆಕ್ಕ ಹಾಕಲು ಕುಳಿತೆ.

ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡವರು ಪೆನ್ನು ಹಿಡಿಯಿರಿ. 10,000 ಮಕ್ಕಳು ಎಂದಿಟ್ಟುಕೊಳ್ಳೋಣ. ಏಕಾಏಕಿ ಸಾವಿಗೆ ಕಾರಣವಾಗಬಲ್ಲ ಹೃದಯದ ದೋಷಗಳು ಎಲ್ಲ ಸೇರಿ ಸುಮಾರು ಮುನ್ನೂರು ಎಳೆಯರಲ್ಲಿ ಒಬ್ಬರಿಗೆ ಇರುತ್ತವೆ ಎನ್ನುತ್ತಾರೆ. ಗುಡಿಯಾಳಿಗೆ ಇರುವ ಉದ್ದ ಕ್ಯೂಟಿಯ ಗುಂಪು ಇನ್ನೂ ಅಪರೂಪ. ಇಟಲಿಯಲ್ಲಿ 44,596 ಶಿಶುಗಳ ಇಸಿಜಿ ತೆಗೆದು ನೋಡಿದಾಗ ಸುಮಾರು ಎರಡು ಸಾವಿರಕ್ಕೆ ಒಂದು ಎಂಬ ಅಂದಾಜು ಸಿಕ್ಕಿತು. ಲೆಕ್ಕದ ಸುಲಭಕ್ಕೆ ನಮ್ಮ 10,000ದಲ್ಲಿ 30 ಮಕ್ಕಳಿಗೆ ನಿಜವಾದ ದೋಷ ಇದೆ ಎನ್ನೋಣ. ಇಸಿಜಿ ಅವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುತ್ತದೆ ಎನ್ನೋಣ. 27 ಸಿಕ್ಕರು. ಉಳಿದ 9,970 ಆರೋಗ್ಯವಂತರಲ್ಲಿ ನೂರಕ್ಕೆ 5 ಜನರಿಗೆ ಮೆಷಿನ್ ತಪ್ಪಾಗಿ ‘ಅಬ್ನಾರ್ಮಲ್’ ಎನ್ನುತ್ತದೆ ಎನ್ನೋಣ. ಅದು 499 ಜನ. ಒಟ್ಟು ಚೀಟಿ ಸಿಕ್ಕವರು 526. ಅವರಲ್ಲಿ ನಿಜವಾದವರು 27. ಅಂದರೆ ಇಪ್ಪತ್ತು ಚೀಟಿಯಲ್ಲಿ ಒಂದು ನಿಜ. ಉಳಿದ ಹತ್ತೊಂಬತ್ತು ಮನೆಗಳಲ್ಲಿ ನಮ್ಮ ಮನೆಯ ಹಾಗೆ ಹನ್ನೆರಡು ರಾತ್ರಿ.

90 ಮತ್ತು 5 ನಾನು ಇಟ್ಟುಕೊಂಡ ಸಂಖ್ಯೆಗಳು. ನೀವು ಬೇರೆ ಇಟ್ಟು ನೋಡಿ. ತಪ್ಪು ಕರೆ ನೂರಕ್ಕೆ 5ರಿಂದ 2ಕ್ಕೆ ಇಳಿದರೆ 499 ಹೋಗಿ 199 ಆಗುತ್ತದೆ, ಎಂಟು ಚೀಟಿಯಲ್ಲಿ ಒಂದು ನಿಜವಾಗುತ್ತದೆ. ಮೆಷಿನ್ ಅದೇ, ಖರ್ಚು ಅದೇ. ಬದಲಾದದ್ದು ಬಟ್ಟಲು ಅಂಟಿಸುವ ಕೈ ಮತ್ತು ಓದುವ ಕಣ್ಣು. ನಮ್ಮ ಹುಡುಗಿಯರಿಗೆ ಹೆಂಗಸರೇ ಇಸಿಜಿ ತೆಗೆಯಬೇಕು ಎಂದಾಗ ಕೆಲವರು ಅದನ್ನು ಹಟ ಎನ್ನುತ್ತಾರೆ. ನನ್ನ ಪ್ರಕಾರ ಅದು ಲೆಕ್ಕದ ವಿಷಯವೂ ಹೌದು. ನಾಚಿಕೆಯಲ್ಲಿ ಎರಡು ಪಕ್ಕೆಲುಬು ಮೇಲೆ ಅಂಟಿಸಿದ ಬಟ್ಟಲು ಸುಳ್ಳು ಹೇಳುತ್ತದೆ.

ಇನ್ನೊಂದು ಕಡೆಯೂ ನೋಡಬೇಕು. ಆ 30ರಲ್ಲಿ ಮೂವರು ತಪ್ಪಿಸಿಕೊಂಡಿದ್ದಾರೆ. ಅಕೌಂಟೆನ್ಸಿಯಲ್ಲಿ ತಾಳೆಪಟ್ಟಿಯ ಎರಡೂ ಬದಿ ಸರಿಹೊಂದಿದರೂ ಒಳಗೆ ತಪ್ಪು ಇರಬಹುದು ಎಂದು ಓದುತ್ತೇವಲ್ಲ, ಒಂದು ವ್ಯವಹಾರವನ್ನೇ ಬರೆಯದೆ ಬಿಟ್ಟರೆ ತಾಳೆಪಟ್ಟಿಗೆ ಗೊತ್ತಾಗುವುದಿಲ್ಲ. ಇಸಿಜಿಯೂ ಹಾಗೆಯೇ. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಫ್ಯಾಬ್ರಿಸ್ ಮುವಾಂಬಾಗೆ ಹಲವು ಸಲ ಹೃದಯ ತಪಾಸಣೆ ಆಗಿತ್ತು. ಆದರೂ 2012ರ ಮಾರ್ಚ್ 17ರಂದು ಮೈದಾನದಲ್ಲೇ ಬಿದ್ದರು, 78 ನಿಮಿಷ ಹೃದಯ ತಾನಾಗಿ ಬಡಿಯಲಿಲ್ಲ. ಬದುಕಿದ್ದು ಕೂಡಲೇ ಎದೆ ಒತ್ತಿದವರಿಂದ, ಶಾಕ್ ಕೊಟ್ಟವರಿಂದ. 2021ರ ಜೂನ್ 12ರಂದು ಕ್ರಿಸ್ಟಿಯನ್ ಎರಿಕ್ಸನ್ ಬಿದ್ದದ್ದನ್ನು ನಮ್ಮ ಕಾಲೇಜಿನ ಹುಡುಗರು ಟಿವಿಯಲ್ಲಿ ನೋಡಿದ್ದಾರೆ. ಎದೆಯ ನಡುವೆ, ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಒತ್ತುವವರಿಲ್ಲದೆ ಹೋಗುವ ಪ್ರತಿ ನಿಮಿಷಕ್ಕೂ ಉಳಿಯುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಬೆಳಗಾವಿ ಪೇಟೆಯಲ್ಲಿ 108 ಬರುವವರೆಗೆ ಕಾಯಬಹುದು. ಖಾನಾಪುರ ತಾಲೂಕಿನ ಭೀಮಗಡ ಅರಣ್ಯದ ಒಳಗಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ರೋಗಿಯನ್ನೇ ಹೊತ್ತು ತರಬೇಕು. ಅಲ್ಲಿ ಬದುಕುಳಿಯುವುದು ಪಕ್ಕದಲ್ಲಿ ನಿಂತವನ ಎರಡು ಕೈಗಳ ಮೇಲೆ.

ಲೆಕ್ಕ ಇನ್ನೂ ಮುಗಿದಿಲ್ಲ. ಹತ್ತು ಸಾವಿರದಲ್ಲಿ ಯಾರನ್ನು ಮೊದಲು ಕೂರಿಸಬೇಕು ಎಂಬುದು ಉಳಿದಿದೆ. ಓಡುವಾಗ ಅಥವಾ ಹೆದರಿದಾಗ ಎಚ್ಚರ ತಪ್ಪಿದ ಮಗು. ಮನೆಯಲ್ಲಿ ಚಿಕ್ಕ ವಯಸ್ಸಿನ ಏಕಾಏಕಿ ಸಾವು ಕಂಡ ಮಗು. ಹುಟ್ಟು ಕಿವುಡು ಮಗು. ಈ ಗುಂಪುಗಳಲ್ಲಿ ದೋಷ ಇರುವ ಸಂಭವ ಮೊದಲೇ ಹೆಚ್ಚು. ಹುಟ್ಟು ಕಿವುಡು ಮಕ್ಕಳಲ್ಲಿ ಗುಡಿಯಾಳ ಕಾಯಿಲೆ ಸಾವಿರಕ್ಕೆ ಎರಡು ಮೂರು ಇರಬಹುದು ಎಂಬ ಅಂದಾಜಿದೆ. ಉಳಿದ ಜನರಲ್ಲಿ ಅದು ಲಕ್ಷಗಳಲ್ಲಿ ಒಂದು. ಅಂಥ ಮಗುವಿಗೆ ಒಂದು ಇಸಿಜಿ, ಹತ್ತು ನಿಮಿಷದ ಕೆಲಸ.

ಆದರೆ ಗುಡಿಯಾ ಯಾರ ಪಟ್ಟಿಯಲ್ಲೂ ಇರಲಿಲ್ಲ. ನಮ್ಮಲ್ಲಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಾಸಿಸ್ಟ್ ಇರುವ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಹೋಗಬೇಕು. ಮೂವತ್ತು ಬಗೆಯ ತೊಂದರೆ ನೋಡುವ ಪಟ್ಟಿಯಲ್ಲಿ ಕಿವುಡು ಇದೆ, ಹುಟ್ಟಿನ ಹೃದಯದ ದೋಷ ಇದೆ, ಗಂಟಲು ನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಹೃದಯ ರೋಗವೂ ಇದೆ. ಸ್ಟೆತೊಸ್ಕೋಪ್ ಇಟ್ಟರೆ ರಂಧ್ರದ, ಕವಾಟದ ಸದ್ದು ಕೇಳಬಹುದು. ಬಡಿತದ ಕರೆಂಟು ಸದ್ದು ಮಾಡುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ತಂಡ ಹೋಗುವುದು ಶಾಲೆಗೆ. ಶಾಲೆ ಬಿಟ್ಟ ಹುಡುಗಿಯ ಹಾಜರಿ ಯಾರು ಕೂಗುತ್ತಾರೆ?

ಇನ್ನು ಬರೆಯಲೋ ಬೇಡವೋ ಎಂದು ತುಂಬಾ ಯೋಚಿಸಿದ ಭಾಗ. ಅಮ್ಮಿ ಓದಿ ಒಪ್ಪಿದ ಮೇಲೆಯೇ ಕೊಡುತ್ತಿದ್ದೇನೆ.

ಖಾಲಾ ಮದುವೆಯಾದದ್ದು ತಮ್ಮ ಫುಫಿಯ ಮಗನನ್ನು. ಈ ಕಾಯಿಲೆಗೆ ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಕೆಟ್ಟ ಪ್ರತಿ ಬರಬೇಕು. ಒಂದೇ ಇದ್ದವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ಎಷ್ಟೋ ಸಲ ತಿಳಿಯುವುದೇ ಇಲ್ಲ. ಇಬ್ಬರಿಗೂ ಒಂದೊಂದು ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವ. ಇದು ನಮ್ಮವರದಷ್ಟೇ ಕಥೆ ಎಂದು ಯಾರೂ ತಿಳಿಯಬಾರದು. ಕರ್ನಾಟಕದಲ್ಲಿ ಸುಮಾರು ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದೊಳಗೆ ನಡೆಯುತ್ತವೆ. ಸೋದರಮಾವನಿಗೇ ಹೆಣ್ಣು ಕೊಡುವುದು ನಮ್ಮ ಪಕ್ಕದ ಓಣಿಯ ಪದ್ಧತಿ. ನಮ್ಮ ಧರ್ಮದಲ್ಲಿ ಅಂಥ ಮದುವೆಗೆ ಅನುಮತಿ ಇದೆ, ಆದರೆ ಕಡ್ಡಾಯ ಎಂದು ಎಲ್ಲೂ ಇಲ್ಲ. ಇಷ್ಟು ನಮ್ಮ ದೀನಿಯಾತ್ ಮೇಡಂ ಹತ್ತಿರ ಕೇಳಿ ಬರೆಯುತ್ತಿದ್ದೇನೆ.

ನಾನಿ ಆಗಾಗ ನನ್ನ ಮುಂದೆ ಮಾಮೂಜಾನ್ ಮಗನ ಹೆಸರು ಎತ್ತುತ್ತಾರೆ. ಈಗಲೇ ಅಲ್ಲ, ಡಿಗ್ರಿ ಮುಗಿದ ಮೇಲೆ. ಹಾಗಾಗಿ ಆ ಲೆಕ್ಕವನ್ನೂ ಮಾಡಿದೆ. ಖಾಲಾನ ಬಳಿ ಆ ಪ್ರತಿ ಇದೆ ಎಂದಾದರೆ ಅಮ್ಮಿಗೆ ಬಂದಿರುವ ಸಂಭವ ಎರಡರಲ್ಲಿ ಒಂದು, ನನಗೆ ನಾಲ್ಕರಲ್ಲಿ ಒಂದು. ಮಾಮೂಜಾನ್‌ಗೆ ಎರಡರಲ್ಲಿ ಒಂದು, ಅವರ ಮಗನಿಗೆ ನಾಲ್ಕರಲ್ಲಿ ಒಂದು. ಇಬ್ಬರಿಗೂ ಇದ್ದು, ಮಗುವಿಗೆ ಎರಡೂ ಬರಬೇಕಾದರೆ ಕಾಲು ಗುಣಿಸು ಕಾಲು ಗುಣಿಸು ಕಾಲು, 64ರಲ್ಲಿ ಒಂದು. ನಾನಿಗೆ ಹೇಳಿದೆ. “ಚೌಂಸಠ್ ಮೇ ಏಕ್? ಬಹುತ್ ಕಮ್ ಹೈ,” ಎಂದರು. ನಾನು ಗುಡಿಯಾಳ ಕಡೆ ನೋಡಿದೆ. ಅವರೂ ನೋಡಿದರು. ಆ ಮಾತು ಅಲ್ಲಿಗೆ ನಿಂತಿದೆ, ಮುಗಿದಿಲ್ಲ.

ಗುಡಿಯಾಳಿಗೆ ಈಗ ಹದಿಮೂರು. ದಿನಕ್ಕೆ ಮೂರು ಹೊತ್ತು ಪ್ರೊಪ್ರನೊಲಾಲ್ ಗುಳಿಗೆ. ಅದು ಭಾರಿ ಬೆಲೆಯದಲ್ಲ, ಆದರೆ ಒಂದು ಹೊತ್ತೂ ತಪ್ಪಬಾರದು, ಡಾಕ್ಟರ್ ಹೇಳದೆ ನಿಲ್ಲಿಸಬಾರದು. ಕ್ಯೂಟಿಯನ್ನು ಇನ್ನಷ್ಟು ಉದ್ದ ಮಾಡುವ ಔಷಧಗಳಿವೆ. ನಾವು ಜ್ವರಕ್ಕೆ ಅಂಗಡಿಯಿಂದ ತಂದು ನುಂಗುವ ಅಜಿತ್ರೊಮೈಸಿನ್ ಅವುಗಳಲ್ಲಿ ಒಂದು. ವಾಂತಿಭೇದಿಯಾದರೆ ಪೊಟ್ಯಾಸಿಯಂ ಇಳಿದು ಅಪಾಯ ಹೆಚ್ಚುತ್ತದೆ, ಕೂಡಲೇ ತೋರಿಸಬೇಕು. ಮಲಪ್ರಭೆಗೆ ಒಬ್ಬಳೇ ಇಳಿಯಬಾರದು. ಈ ರೀತಿಯ ಉದ್ದ ಕ್ಯೂಟಿಗೆ ಗುಳಿಗೆ ಮಾತ್ರ ಸಾಲದೆ ಹೋಗಬಹುದು, ಎದೆಯೊಳಗೆ ಶಾಕ್ ಕೊಡುವ ಸಣ್ಣ ಯಂತ್ರ ಇಡಬೇಕಾಗಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವು ಇದೆ. ಖಾಲು ಕಾರ್ಡಿನ ಕಾಗದ ಹಿಡಿದು ಓಡಾಡುತ್ತಿದ್ದಾರೆ. ಕಳೆದ ರಂಜಾನ್‌ನಲ್ಲಿ ಅವಳು ರೋಜಾ ಇಡುತ್ತೇನೆ ಎಂದು ಕೈಸನ್ನೆಯಲ್ಲಿ ಹಟ ಹಿಡಿದಳು. ಕಾಯಿಲೆಯವರಿಗೆ ರಿಯಾಯಿತಿ ಇದೆ ಎಂದು ಇಮಾಮ್ ಸಾಹೇಬರೇ ಮನೆಗೆ ಬಂದು ಹೇಳಿದ ಮೇಲೆ ಸುಮ್ಮನಾದಳು. ಗುಳಿಗೆ ಶುರುವಾದ ಮೇಲೆ ಒಮ್ಮೆಯೂ ಬಿದ್ದಿಲ್ಲ. ಅವಳ ಪುಟ್ಟ ತಮ್ಮನಿಗೆ ಕಿವಿ ಕೇಳುತ್ತದೆ. ಅವನ ಇಸಿಜಿ ಕೂಡ ಆಗಿದೆ, ಕ್ಯೂಟಿ ಸರಿ ಇದೆ.

ನಮ್ಮ ಕಾಲೇಜಿನ ಸ್ಪೋರ್ಟ್ಸ್ ಡೇಗೆ ಮೊದಲು ಪಿ.ಇ. ಸರ್ ಒಪ್ಪಿಗೆ ಪಡೆದು, ಓಟಕ್ಕೆ ಹೆಸರು ಕೊಟ್ಟವರಿಗೆಲ್ಲ ಒಂದು ಚೀಟಿ ಹಂಚಿದೆವು. ಅದರಲ್ಲಿ ಮೂರೇ ಪ್ರಶ್ನೆ: ಓಡುವಾಗ ಎಚ್ಚರ ತಪ್ಪಿದ್ದಿದೆಯೇ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಏಕಾಏಕಿ ತೀರಿಕೊಂಡವರಿದ್ದಾರೆಯೇ, ಹುಟ್ಟು ಕಿವುಡರಿದ್ದಾರೆಯೇ. ಚೀಟಿಯನ್ನು ಮಡಚಿ ಸರ್ ಕೈಗೇ ಕೊಡಬೇಕು, ಬೇರೆ ಯಾರೂ ನೋಡುವಂತಿಲ್ಲ ಎಂದು ಮೇಲೆ ಬರೆದಿದ್ದೆವು. ನಾಲ್ಕು ಚೀಟಿಯಲ್ಲಿ ‘ಹೌದು’ ಎಂದು ಬಂದಿದೆ ಎಂದು ಸರ್ ಹೇಳಿದರು. ಹೆಸರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಇಬ್ಬರು ಇಸಿಜಿ ಮಾಡಿಸಿಕೊಂಡು ಬಂದಿದ್ದಾರೆ. ಇನ್ನಿಬ್ಬರ ಮನೆಯವರು ಬೇಡ ಎಂದಿದ್ದಾರೆ. ಆ ಇಬ್ಬರ ಮನೆಗೆ ಹೋಗಿ ಬರುತ್ತೇನೆ ಎಂದು ಅಮ್ಮಿ ಸರ್‌ಗೆ ಹೇಳಿ ಕಳಿಸಿದ್ದಾರೆ.